ಮೂರು ಸರಕಾರ, ನಾಲ್ಕು ಊರು, ಒಂದು ಹೊಳೆ

1947ರ ಬೇಸಿಗೆಯಲ್ಲಿ ಗದಗಿನ ಒಬ್ಬ ರೈತ ನಸುಕಿನಲ್ಲೆದ್ದು ಚಕ್ಕಡಿ ಹೂಡಿ, ಮುಳಗುಂದದ ಹಾದಿ ಹಿಡಿದು ಲಕ್ಷ್ಮೇಶ್ವರಕ್ಕೆ ಹೊರಟ ಅಂದುಕೊಳ್ಳೋಣ. ಗದಗು ಬಿಡುವಾಗ ಅವನು ಬ್ರಿಟಿಷರ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದ. ಸಂಜೆ ಲಕ್ಷ್ಮೇಶ್ವರ ಮುಟ್ಟಿದಾಗ ಮಿರಜ ಹಿರಿಯ ಸಂಸ್ಥಾನದಲ್ಲಿದ್ದ. ರಾತ್ರಿ ಬೀಗರ ಮನೆಯಲ್ಲಿ ತಂಗಿ ಮರುದಿನ ಶಿರಹಟ್ಟಿಯ ಫಕ್ಕೀರೇಶ್ವರ ಮಠಕ್ಕೆ ಕಾಯಿ ಒಡೆಸಲು ಹೋದರೆ ಅದು ಸಾಂಗಲಿ ಸಂಸ್ಥಾನ. ಅಲ್ಲಿಂದ ಗದಗಿಗೆ ಮರಳಿದರೆ ಮತ್ತೆ ಬ್ರಿಟಿಷರ ಸೀಮೆ. ಎರಡು ದಿನದ ತಿರುಗಾಟದಲ್ಲಿ ಎತ್ತುಗಳು ತುಳಿದದ್ದು ಒಂದೇ ಕರಿಮಣ್ಣು, ದಾರಿಯುದ್ದಕ್ಕೂ ಕೇಳಿದ್ದು ಒಂದೇ ಕನ್ನಡ. ಸರಕಾರಗಳು ಮಾತ್ರ ಮೂರು.

ಈಗ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನಾಲ್ಕೂ ಒಂದೇ ಜಿಲ್ಲೆಯಲ್ಲಿವೆ. ಒಬ್ಬರೇ ಜಿಲ್ಲಾಧಿಕಾರಿ, ಒಂದೇ ಜಿಲ್ಲಾ ಪಂಚಾಯಿತಿ. ನಾಲ್ಕೂ ಊರಿನವರು ಕುಡಿಯುವ ನೀರಿಗೆ ಕಣ್ಣಿಡುವುದು ಒಂದೇ ತುಂಗಭದ್ರೆಯ ಮೇಲೆ. ಹಂಚಿಹೋಗಿದ್ದ ಈ ಸೀಮೆ ಒಂದು ನೀರಿಗೆ ಬಂದು ಸೇರಿದ ಕತೆ ಯುದ್ಧದ್ದಲ್ಲ, ರಾಜರದ್ದೂ ಅಲ್ಲ. ಪುರಸಭೆಯ ಠರಾವು, ಲೋಕಲ್ ಬೋರ್ಡಿನ ಪಟ್ಟಿ, ಪೈಪಿನ ಅಳತೆಗಳಲ್ಲಿ ನಡೆದದ್ದು. ಅಂಥ ಕತೆಯನ್ನು ಯಾರೂ ಲಾವಣಿ ಕಟ್ಟಿ ಹಾಡುವುದಿಲ್ಲ.

ಪುಲಿಗೆರೆಯ ಕಲ್ಲು

ಶುರುಮಾಡಬೇಕಾದ್ದು ಲಕ್ಷ್ಮೇಶ್ವರದ ಒಂದು ಕಲ್ಲಿನಿಂದ. ಊರಿನ ಹಳೆಯ ಹೆಸರು ಪುಲಿಗೆರೆ. ಇಲ್ಲಿನ ಕನ್ನಡವೇ ತಿರುಳ ಕನ್ನಡವೆಂದು ಆದಿಕವಿ ಪಂಪ ಮೆಚ್ಚಿದ ಊರು. ಪಂಪನಿಗೂ ಎರಡು ಶತಮಾನ ಮೊದಲು, ಸುಮಾರು ಕ್ರಿ.ಶ. 725ರಲ್ಲಿ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಈ ಊರಿನ ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ ಒಂದು ಆಚಾರವ್ಯವಸ್ಥೆಯನ್ನು ಬರೆಸಿಕೊಟ್ಟ. ಮಹಾಜನರೆಂದರೆ ಊರಿನ ವಿದ್ವಾಂಸ ಹಿರಿಯರು, ನಗರವೆಂದರೆ ವರ್ತಕರ ಕೂಟ, ಹದಿನೆಂಟು ಪ್ರಕೃತಿಗಳೆಂದರೆ ಬಗೆಬಗೆಯ ಕಸುಬಿನ ಜನ.

ಶಾಸನಗಳಲ್ಲಿ ನಾವು ಸಾಮಾನ್ಯವಾಗಿ ಕಾಣುವುದು ದಾನ: ಇಂಥ ದೇವರಿಗೆ ಇಷ್ಟು ಮತ್ತರು ಭೂಮಿ, ಇಂಥ ಬಸದಿಗೆ ಇಷ್ಟು ಗದ್ಯಾಣ. ಈ ಕಲ್ಲು ಹಾಗಲ್ಲ. ರಾಜನ ಅಧಿಕಾರಿಗಳು ಊರಿನವರಿಗೆ ಏನು ನಡೆಸಿಕೊಡಬೇಕು, ಊರಿನವರು ಅಧಿಕಾರಿಗಳಿಗೆ ಏನು ಕೊಡಬೇಕು ಎಂದು ಅದು ಎರಡೂ ಕಡೆಯ ಬಾಬತ್ತನ್ನು ಬರೆಯುತ್ತದೆ. ಮನೆಮನೆಯ ತೆರಿಗೆಯನ್ನು ಅಂತಸ್ತು ನೋಡಿ ಏರಿಳಿಸಿ ಗೊತ್ತುಮಾಡುತ್ತದೆ. ಉಳ್ಳವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ. ಸಲ್ಲಿಸಬೇಕಾದ್ದನ್ನು ಊರಿನ ಶ್ರೇಣಿಯಲ್ಲಿ, ಎಂದರೆ ಕಸುಬಿನವರ ಸಂಘದಲ್ಲಿ, ಸಲ್ಲಿಸಬೇಕೆನ್ನುತ್ತದೆ. ತೆರಿಗೆ ಎತ್ತುವ ಕೆಲಸ ದೊರೆಯ ಆಳಿನ ಕೈಯಲ್ಲಷ್ಟೇ ಉಳಿಯದೆ ಊರಿನ ಕೂಟದ ಕೈಗೂ ಬಂದಿತ್ತು.

ಅಂದಿನ ಸಮಾಜ ಸರ್ವಸಮಾನವಾಗಿತ್ತೆಂದು ಇದರಿಂದ ಹೇಳಲಾಗದು. ಮಹಾಜನರ ಪಟ್ಟಿಯಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಆದರೂ ಒಂದು ಮಾತು ನಿಲ್ಲುತ್ತದೆ. ಊರಿನ ಒಳಗಿನ ಆಡಳಿತ ಮತ್ತು ಊರಿನ ಮೇಲಿನ ಆಡಳಿತ ಕೂಡಿ ಕೆಲಸ ಮಾಡಬೇಕಾದರೆ ಲೆಕ್ಕ ಎದುರಾಬದುರಾ ಬರೆದಿರಬೇಕು, ಅದೂ ಎಲ್ಲರ ಕಣ್ಣಿಗೆ ಬೀಳುವಂತೆ ಇರಬೇಕು. ಸಾವಿರದ ಮುನ್ನೂರು ವರ್ಷದ ಹಿಂದೆ ಪುಲಿಗೆರೆಯವರಿಗೆ ಇದು ಗೊತ್ತಿತ್ತು. ಆಮೇಲೆ ಈ ಸೀಮೆಯಲ್ಲಿ ಬಂದುಹೋದ ಕೂಡಾಟಗಳನ್ನೆಲ್ಲ ಈ ಕಲ್ಲಿನ ಪಕ್ಕ ನಿಲ್ಲಿಸಿ ನೋಡಿದರೆ ಯಾವುದು ಗಟ್ಟಿ, ಯಾವುದು ಪೊಳ್ಳು ಎಂಬುದು ತಾನೇ ತಿಳಿಯುತ್ತದೆ.

ಹರಿದು ಹಂಚಿದ ಸೀಮೆ

ಸೀಮೆ ಹರಿದುಹೋದದ್ದು ಮರಾಠರ ಕಾಲದಲ್ಲಿ. ಪೇಶ್ವೆಯರು ಪಟವರ್ಧನ ಮನೆತನಕ್ಕೆ ದಂಡಿನ ಖರ್ಚಿಗೆಂದು ಕೊಟ್ಟ ಜಹಗೀರುಗಳು ಕೃಷ್ಣೆಯಿಂದ ತುಂಗಭದ್ರೆಯವರೆಗೆ ಅಲ್ಲಲ್ಲಿ ಚೆಲ್ಲಿದ್ದವು. ಮನೆತನ ಪಾಲಾದಂತೆ ಜಹಗೀರೂ ಪಾಲಾಯಿತು. ಸಾಂಗಲಿ, ಮಿರಜ, ಜಮಖಂಡಿ, ಹೀಗೆ ಒಂದೊಂದು ಶಾಖೆ ಒಂದೊಂದು ಸಂಸ್ಥಾನವಾಯಿತು. 1818ರ ಆರಂಭದಲ್ಲಿ ಥಾಮಸ್ ಮನ್ರೋ ಗದಗು, ಡಂಬಳಗಳನ್ನು ಹಿಡಿದ. ಪೇಶ್ವಾಯಿ ಮುಗಿಯಿತು. ಆದರೆ ಪಟವರ್ಧನರ ಪಾಲುಗಳನ್ನು ಬ್ರಿಟಿಷರು ಹಾಗೆಯೇ ಉಳಿಸಿದರು. 1820ರಲ್ಲಿ ಮಿರಜ ಮತ್ತೆ ಹಿರಿಯ, ಕಿರಿಯ ಎಂದು ಎರಡಾಯಿತು.

ಹೀಗಾಗಿ ಲಕ್ಷ್ಮೇಶ್ವರ ಮಿರಜ ಹಿರಿಯ ಪಾಲಿಗೆ, ಹತ್ತಿರದ ಗುಡಗೇರಿ ಮಿರಜ ಕಿರಿಯ ಪಾಲಿಗೆ, ಕುಂದಗೋಳ ಜಮಖಂಡಿಗೆ, ಶಿರಹಟ್ಟಿ ಸಾಂಗಲಿಗೆ ಬಂದವು. ಸವಣೂರು ನವಾಬರ ಕೈಯಲ್ಲಿತ್ತು. ಗದಗ-ಬೆಟಗೇರಿ ಮತ್ತು ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ ಉಳಿದವು. ಮುಂಡರಗಿಯ ಆಚೆ ಕೊಪ್ಪಳದ ಕಡೆಗೆ ಹೋದರೆ ನಿಜಾಮನ ಸೀಮೆ. ತುಂಗಭದ್ರೆ ದಾಟಿದರೆ ಹೂವಿನಹಡಗಲಿ, ಅದು ಮದ್ರಾಸ್ ಪ್ರಾಂತ. ಕುಪ್ಪಸದ ಕಣದ ಹಾಗೆ ಬಣ್ಣಬಣ್ಣದ ಚೂರುಗಳು. ಹೊಲಿಗೆ ಮಾತ್ರ ಇಲ್ಲ.

ಸಾಂಗಲಿಯ ಆರು ತಾಲ್ಲೂಕುಗಳಲ್ಲಿ ಶಿರಹಟ್ಟಿಯೂ ಒಂದು. ಆದರೆ ರಾಜಧಾನಿ ಇದ್ದದ್ದು ಇನ್ನೂರು ಕಿಲೋಮೀಟರಿಗೂ ಆಚೆ. ಮಗ್ಗುಲಲ್ಲೇ ಗದಗಿನ ಕಚೇರಿ ಇದ್ದರೂ ಶಿರಹಟ್ಟಿಯವನ ಮೇಲ್ಮನವಿ ಹೋಗಬೇಕಾದ್ದು ಕೃಷ್ಣೆಯ ದಂಡೆಗೆ, ಮರಾಠಿ ಮಾತಿನ ದರಬಾರಿಗೆ. ಕಳ್ಳನೊಬ್ಬ ಮುಳಗುಂದದಲ್ಲಿ ಕದ್ದು ಲಕ್ಷ್ಮೇಶ್ವರದ ಗಡಿ ದಾಟಿದರೆ ಅವನು ಬೇರೆ ರಾಜ್ಯಕ್ಕೆ ಹೋದಂತೆ. ಎರಡು ಪಕ್ಕದೂರುಗಳ ನಡುವಿನ ವ್ಯವಹಾರ ಕಾಗದದ ಮೇಲೆ ಎರಡು ಸರಕಾರಗಳ ನಡುವಿನ ವ್ಯವಹಾರ. ಅದು ಬ್ರಿಟಿಷ್ ರಾಜಕೀಯ ಪ್ರತಿನಿಧಿಯ ಮೇಜು ಹತ್ತಿ ಇಳಿಯಬೇಕು. 1933ರ ನಂತರ ಈ ಸಂಸ್ಥಾನಗಳೆಲ್ಲ ಕೊಲ್ಹಾಪುರದಲ್ಲಿ ಕೂತ ಡೆಕ್ಕನ್ ಸ್ಟೇಟ್ಸ್ ಏಜೆನ್ಸಿಯ ಕೆಳಗೆ ಬಂದವು. ನಮ್ಮೂರ ಹಳ್ಳದ ಸಂಗತಿ ಕೊಲ್ಹಾಪುರದಲ್ಲಿ ತೀರ್ಮಾನವಾಗುವ ಕಾಲ ಅದು.

ಜನ ಮಾತ್ರ ಈ ಗೆರೆಗಳನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಿಂದೂ ಮುಸ್ಲಿಮರಿಬ್ಬರೂ ತಮ್ಮದೆನ್ನುವ ಶಿರಹಟ್ಟಿಯ ಫಕ್ಕೀರೇಶ್ವರ ಮಠಕ್ಕೆ ಮೂರೂ ಸರಕಾರದ ಭಕ್ತರು ಬರುತ್ತಿದ್ದರು. ಲಕ್ಷ್ಮೇಶ್ವರದ ದೂದಪೀರಾಂ ದರ್ಗಾಕ್ಕೂ ಹಾಗೆಯೇ. ಹತ್ತಿ ಹೇರಿದ ಗಾಡಿ ಯಾವ ಸಂಸ್ಥಾನದ್ದಾದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಗದಗಿನ ಪೇಟೆಯಲ್ಲಿ. ಹೆಣ್ಣು ಕೊಡುವಾಗ ತರುವಾಗ ಯಾರೂ ನಿಮ್ಮದು ಮಿರಜವೋ ಸಾಂಗಲಿಯೋ ಎಂದು ಕೇಳಲಿಲ್ಲ.

ಬಂಡಾಯದ ಮರುವರ್ಷ

1858ರ ಬೇಸಿಗೆಯಲ್ಲಿ ಈ ಸೀಮೆ ಹೊತ್ತಿತು. ಮುಂಡರಗಿ ಭೀಮರಾಯ, ಹೊಳೆದಂಡೆಯ ಹಮ್ಮಿಗಿಯ ಕೆಂಚನಗೌಡ, ನರಗುಂದದ ಬಾಬಾಸಾಹೇಬ ಕಂಪನಿ ಸರಕಾರದ ವಿರುದ್ಧ ಎದ್ದರು. ಡಂಬಳದ ಖಜಾನೆ ಲೂಟಿಯಾಯಿತು. ಮೇ 29ರಂದು ಸುರೇಬಾನದಲ್ಲಿ ರಾಜಕೀಯ ಪ್ರತಿನಿಧಿ ಮ್ಯಾನ್ಸನ್‌ನ ತಲೆ ಉರುಳಿತು. ಭೀಮರಾಯ, ಕೆಂಚನಗೌಡರು ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಮಡಿದರು. ಹಮ್ಮಿಗಿ ಎಂಬ ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ಕತೆಯಲ್ಲಿ ಅದು ಇನ್ನೊಮ್ಮೆ ಬರುತ್ತದೆ, ಬಂಡಾಯದ ಹೆಸರಾಗಿ ಅಲ್ಲ.

ಬಂಡಾಯದ ಮರುವರ್ಷವೇ, 1859ರಲ್ಲಿ, ಗದಗಿಗೆ ಪುರಸಭೆ ಬಂತು. ಕಲಿತ ಪಾಠವೋ, ಕಾಕತಾಳೀಯವೋ, ಎರಡು ಇಸವಿ ಪಕ್ಕಪಕ್ಕ ಕೂತಿವೆ. ಆಗ ಪುರಸಭೆಯೆಂದರೆ ಜನರ ಆಳ್ವಿಕೆ ಅಲ್ಲ. ದೀಪ, ಬೀದಿ, ಗಟಾರು, ಕಸದ ಖರ್ಚನ್ನು ಊರಿನವರ ತಲೆಗೇ ಹಾಕುವ ಒಂದು ಏರ್ಪಾಟು. ಕೂಡುವವರು ಬಹಳಷ್ಟು ಸರಕಾರವೇ ನೇಮಿಸಿದವರು. ಆದರೂ ಅದರೊಳಗೆ ಇನ್ನೊಂದು ಕೆಲಸ ಸದ್ದಿಲ್ಲದೆ ಆಯಿತು. ಗದಗು, ಬೆಟಗೇರಿ ಎಂಬ ಎರಡು ಊರು ಒಂದೇ ಪುರಸಭೆಯಾದವು.

ಎರಡರ ಜಾಯಮಾನ ಬೇರೆ. ಗದಗು ವೀರನಾರಾಯಣನ, ತ್ರಿಕೂಟೇಶ್ವರನ ಊರು, ಕುಮಾರವ್ಯಾಸನ ಊರು, ಹತ್ತಿಯ ದಲಾಲಿಯ ಊರು. ಬೆಟಗೇರಿ ಮಗ್ಗದ ಊರು. ಓಣಿಗೆ ಕಾಲಿಟ್ಟರೆ ಲಾಳಿಯ ಸದ್ದು, ಸೀರೆಯ ಬಣ್ಣದ ವಾಸನೆ. ನಡುವೆ ಮೈಲಿಯಷ್ಟೇ ಬಯಲು. ಬೆಟಗೇರಿಯ ನೇಕಾರನಿಗೆ ಗದಗಿನ ಪೇಟೆ ಬೇಕು, ಗದಗಿನ ಪೇಟೆಗೆ ಬೆಟಗೇರಿಯ ಸೀರೆ ಬೇಕು. ಅದರ ಮೇಲೆ 1884ರಲ್ಲಿ ದಕ್ಷಿಣ ಮರಾಠಾ ರೈಲು ಬಂದು ಗದಗು ಜಂಕ್ಷನ್ನಾಯಿತು. ಹುಬ್ಬಳ್ಳಿ, ಬಳ್ಳಾರಿ, ಹೋಟಗಿಯ ಹಳಿಗಳು ಇಲ್ಲಿ ಕೂಡಿದವು. ನಡುವಿನ ಬಯಲು ತುಂಬುತ್ತ ಬಂತು. 1901ರ ಜನಗಣತಿಯಲ್ಲಿ ಬೆಟಗೇರಿಯೂ ಸೇರಿ ಊರಿನ ಜನ 30,652. 2011ರ ಹೊತ್ತಿಗೆ 1.72 ಲಕ್ಷ.

ಇಂದಿಗೂ ಹೆಸರಿನಲ್ಲಿ ಎರಡೂ ಊರು ಉಳಿದಿವೆ: ಗದಗ-ಬೆಟಗೇರಿ ನಗರಸಭೆ. ನಡುವೆ ಅಡ್ಡಗೆರೆ. ದೊಡ್ಡದು ಚಿಕ್ಕದನ್ನು ನುಂಗಿ ಹೆಸರು ಅಳಿಸಲಿಲ್ಲ. ಹುಬ್ಬಳ್ಳಿ-ಧಾರವಾಡ ಒಂದು ಪಾಲಿಕೆಯಾದದ್ದು 1962ರಲ್ಲಿ. ಅದಕ್ಕೆ ನೂರು ವರ್ಷ ಮೊದಲೇ ಪಕ್ಕದ ಈ ಜೋಡಿ ಒಂದೇ ತಿಜೋರಿ ಇಟ್ಟುಕೊಂಡಿತ್ತು. ಬೆಟಗೇರಿಯ ಮನೆಪಟ್ಟಿ ಗದಗಿನ ದೀಪಕ್ಕೆ, ಗದಗಿನ ಪೇಟೆಯ ಆದಾಯ ಬೆಟಗೇರಿಯ ಗಟಾರಿಗೆ. ಈ ಕೊಡುಕೊಳ್ಳುವಿಕೆಯಲ್ಲಿ ಬೆಟಗೇರಿಗೆ ಕಡಿಮೆ ಬಂತೆಂಬ ಮಾತು ಆ ಕಡೆಯ ಓಣಿಗಳಲ್ಲಿ ಈಗಲೂ ಕೇಳಿಬರುತ್ತದೆ. ಕೇಳಿಬರಲಿ. ಒಂದೇ ಮನೆಯಲ್ಲಿ ಉಣ್ಣುವ ಅಣ್ಣತಮ್ಮಂದಿರೇ ತಟ್ಟೆಯ ಅಳತೆ ನೋಡುವುದು.

ರೂಪಾಯಿಗೆ ಒಂದಾಣೆ

ಪುರಸಭೆ ಪಟ್ಟಣಕ್ಕಾಯಿತು. ಹಳ್ಳಿಗಳಿಗೆ? ಮುಂಬಯಿ ಸರಕಾರ 1860ರ ದಶಕದಲ್ಲಿ ಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಲೋಕಲ್ ಫಂಡ್ ಪಟ್ಟಿ ಎತ್ತತೊಡಗಿ, 1869ರಲ್ಲಿ ಅದನ್ನು ಕಾಯ್ದೆ ಮಾಡಿತು. ಮೂರರಲ್ಲಿ ಎರಡು ಪಾಲು ರಸ್ತೆ, ಬಾವಿ, ಧರ್ಮಶಾಲೆಗೆ. ಒಂದು ಪಾಲು ಸಾಲೆಗೆ. ಹದಿನಾರಾಣೆ ಕಂದಾಯ ಕೊಡುವ ರೈತ ಇನ್ನೊಂದಾಣೆ ಕೊಟ್ಟ. ಆ ಆಣೆ ಕೂಡಿ ಧಾರವಾಡ ಜಿಲ್ಲೆಯಲ್ಲಿ ರಸ್ತೆಯಾಯಿತು, ಕನ್ನಡ ಸಾಲೆಯಾಯಿತು. 1882ರ ಮೇ ತಿಂಗಳಲ್ಲಿ ಲಾರ್ಡ್ ರಿಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ. ಅದರ ಬೆನ್ನಿಗೆ 1884ರಲ್ಲಿ ಜಿಲ್ಲಾ, ತಾಲ್ಲೂಕು ಲೋಕಲ್ ಬೋರ್ಡುಗಳು ಬಂದವು. ಚುನಾಯಿತರು ಅಲ್ಲಿ ಕಾಲಿಟ್ಟರು.

ಆದರೆ ಆಣೆಗೆ ಗಡಿಯಿತ್ತು. ಗದಗಿನ ರೈತನ ಪಟ್ಟಿಯ ಹಣ ಗದಗಿನ ತಾಲ್ಲೂಕಿನಲ್ಲಿ, ಹೆಚ್ಚೆಂದರೆ ಧಾರವಾಡ ಜಿಲ್ಲೆಯಲ್ಲಿ ಖರ್ಚಾಗಬೇಕು. ಲಕ್ಷ್ಮೇಶ್ವರದ ಸೀಮೆ ಕಲ್ಲಿನ ಹತ್ತಿರ ರಸ್ತೆಯ ಒಡೆತನ ಬದಲಾಗುತ್ತಿತ್ತು. ಅಲ್ಲಿಂದ ಮುಂದೆ ಖಡಿ ಹಾಕುವುದು ಮಿರಜದ ಖಜಾನೆಯ ಬಾಬತ್ತು. ಒಂದೇ ಹಾದಿ, ಒಂದೇ ಸಂತೆಗೆ ಹೋಗುವ ಗಾಡಿ, ರಿಪೇರಿಗೆ ಎರಡು ಸರಕಾರ. ಇಬ್ಬರೂ ಮಾಡಿದರೆ ಮಾತ್ರ ರಸ್ತೆ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಮಾಡಿದ್ದೂ ಹೊಲಕ್ಕೆ ಹೋಗುವ ಗಾಡಿದಾರಿಯಷ್ಟೇ.

ಸರಕಾರಗಳು ಕೂಡದಿದ್ದಲ್ಲಿ ಜನವೇ ಕೂಡಿದ ಒಂದು ನಿದರ್ಶನ ಇದೇ ಗದಗು ತಾಲ್ಲೂಕಿನಲ್ಲಿದೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲೇ ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಅದಕ್ಕೆ ಹೆಸರು. ಸಾವುಕಾರನ ಬಡ್ಡಿಗೆ ಬೆನ್ನು ಬಾಗಿಸಿದ್ದ ರೈತರು ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆ ನಿಂತರು. ಅಲ್ಲಿಯೂ ಗುಟ್ಟು ಪುಲಿಗೆರೆಯ ಕಲ್ಲಿನದೇ. ಯಾರು ಎಷ್ಟು ಹಾಕಿದರು, ಯಾರು ಎಷ್ಟು ತೆಗೆದರು, ತೀರಿಸದಿದ್ದರೆ ಯಾರು ಹೊಣೆ ಎಂಬುದು ಪುಸ್ತಕದಲ್ಲಿತ್ತು. ಪುಸ್ತಕ ಊರಿನಲ್ಲೇ ಇತ್ತು. ಮುಂದೆ ಪಕ್ಕದ ಹುಲಕೋಟಿಯಲ್ಲಿ ಕೆ.ಎಚ್. ಪಾಟೀಲರು ನೂಲಿನ ಗಿರಣಿಯವರೆಗೆ ಬೆಳೆಸಿದ ಸಹಕಾರದ ಬೇರು ಈ ನೆಲದ್ದೇ.

1948ರ ಮಾರ್ಚ್ 8

ಸ್ವಾತಂತ್ರ್ಯ ಬಂದಾಗ ದಖನ್ನಿನ ಸಣ್ಣ ಸಂಸ್ಥಾನಗಳು ಕೂಡಿ ತಮ್ಮದೇ ಒಂದು ಒಕ್ಕೂಟ ಕಟ್ಟುವ ಯೋಚನೆ ಹಾಕಿದ್ದವು. ಪ್ರಜಾ ಪರಿಷತ್ತುಗಳ ಒತ್ತಡದ ಮುಂದೆ ಅದು ನಿಲ್ಲಲಿಲ್ಲ. 1948ರ ಮಾರ್ಚ್ 8ರಂದು ಸಾಂಗಲಿ, ಮಿರಜ, ಜಮಖಂಡಿಗಳೆಲ್ಲ ಮುಂಬಯಿ ರಾಜ್ಯದಲ್ಲಿ ವಿಲೀನವಾದವು. ಶಿರಹಟ್ಟಿ, ಲಕ್ಷ್ಮೇಶ್ವರಗಳು ಧಾರವಾಡ ಜಿಲ್ಲೆಗೆ ಬಂದವು. ಬೇರೆ ಬೇರೆ ದೊರೆಗಳ ಕೈಕೆಳಗಿದ್ದ ಎರಡು ಊರು ಒಂದೇ ಶಿರಹಟ್ಟಿ ತಾಲ್ಲೂಕಿನಲ್ಲಿ ಕೂಡಿದವು. 1956ರ ನವೆಂಬರ್ 1ಕ್ಕೆ ಇಡೀ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮನ ಕೊಪ್ಪಳ, ಹೊಳೆಯಾಚೆಯ ಹಡಗಲಿ ಎಲ್ಲ ಒಂದೇ ಸೂರಿನ ಕೆಳಗೆ.

ಸೂರು ಒಂದಾಯಿತು, ಒಳಗಿನ ಗೋಡೆಗಳು ಹೊಸವಾದವು. 1959ರ ಕಾಯ್ದೆಯಿಂದ ಗ್ರಾಮ ಪಂಚಾಯಿತಿ, ತಾಲ್ಲೂಕು ಬೋರ್ಡು. 1964ರ ಕಾಯ್ದೆಯಿಂದ ಪುರಸಭೆ. 1983ರ ಕಾಯ್ದೆಯ ಮೇಲೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ. 1993ರಲ್ಲಿ ಈಗಿನ ಪಂಚಾಯತ್ ರಾಜ್. ನಡುವೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿಗೆ ನೀರನ್ನೂ ಅಧಿಕಾರವನ್ನೂ ಒಟ್ಟಿಗೆ ಕೊಡಲು ಹೊರಟರು. 1997ರ ಆಗಸ್ಟಿನಲ್ಲಿ ಗದಗು ಬೇರೆ ಜಿಲ್ಲೆಯಾಯಿತು. 2018ರಲ್ಲಿ ಲಕ್ಷ್ಮೇಶ್ವರ ಶಿರಹಟ್ಟಿಯಿಂದ ಬೇರೆ ತಾಲ್ಲೂಕಾಯಿತು. ಎಪ್ಪತ್ತು ವರ್ಷ ಒಂದು ಕಚೇರಿಯಲ್ಲಿ ಕೂತಿದ್ದ ಮಿರಜದ ಊರು, ಸಾಂಗಲಿಯ ಊರು ಮತ್ತೆ ಬೇರೆ ಬೇರೆ ಕಚೇರಿ ಮಾಡಿಕೊಂಡವು.

ಈಗ ಗದಗ-ಬೆಟಗೇರಿಗೆ ನಗರಸಭೆ, ಲಕ್ಷ್ಮೇಶ್ವರ ಮುಂಡರಗಿಗಳಿಗೆ ಪುರಸಭೆ, ಶಿರಹಟ್ಟಿಗೆ ಪಟ್ಟಣ ಪಂಚಾಯಿತಿ, ಸುತ್ತ ಗ್ರಾಮ ಪಂಚಾಯಿತಿಗಳು. ಪ್ರತಿಯೊಂದಕ್ಕೂ ತನ್ನದೇ ಸಭೆ, ತನ್ನದೇ ಬಜೆಟ್ಟು. ನೀರಿಗೆ ಮಾತ್ರ ಇದಾವುದೂ ತಿಳಿಯದು.

ಹೊಳೆಯಿಂದ ನಳಕ್ಕೆ

ಗದಗು ಎತ್ತರದ ಬಯಲು. ಮಳೆ ಕಡಿಮೆ. ಹಿಂದಿನವರು ಇದನ್ನು ಬಲ್ಲವರಾಗಿ ಕೆರೆ ಬಾವಿ ಕಟ್ಟಿದರು. ಗದಗಿನ ಭೀಷ್ಮಕೆರೆ, ಡಂಬಳದ ದೊಡ್ಡ ಕೆರೆ, ನೂರೊಂದು ಬಾವಿಯ ಊರೆನಿಸಿದ ಲಕ್ಕುಂಡಿಯಲ್ಲಿ ಮೆಟ್ಟಿಲಿಳಿದು ನೀರು ಮುಟ್ಟುವ ಮುಸುಕಿನ ಬಾವಿ. ಊರು ಬೆಳೆದಂತೆ ಕೆರೆ ಸಾಲಲಿಲ್ಲ, ಬಾವಿಯ ನೀರು ಸವಳಾಯಿತು. ಉಳಿದದ್ದು ತುಂಗಭದ್ರೆ. ಅದು ಹರಿಯುವುದು ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ದಕ್ಷಿಣದ ಅಂಚಿನಲ್ಲಿ.

ಆದ್ದರಿಂದ ಗದಗಿನ ನೀರು ಗದಗಿನದಲ್ಲ. ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ, ಹಮ್ಮಿಗಿಗಳಲ್ಲಿ ಹೊಳೆಯಿಂದ ಎತ್ತಿ, ಡಂಬಳದ ಭಾಗ ಹಾಯ್ದು, ಪಂಚಾಯಿತಿಯ ಮೇಲೆ ಪಂಚಾಯಿತಿ ದಾಟಿಕೊಂಡು ಅದು ನಗರಸಭೆಯ ಟಾಕಿಗೆ ಏರುತ್ತದೆ. ಕೊರ್ಲಹಳ್ಳಿಯಿಂದ ಗದಗಿಗೆ ಐವತ್ತು ಕಿಲೋಮೀಟರಿನಷ್ಟು ಹಾದಿ. ಲಕ್ಷ್ಮೇಶ್ವರದ್ದೂ ಇದೇ ಕತೆ. ಮೇವುಂಡಿಯ ಜಾಕ್‌ವೆಲ್‌ನಲ್ಲಿ ಎತ್ತಿದ ನೀರು ಸೂರಣಗಿಯ ಶುದ್ಧೀಕರಣ ಘಟಕದಲ್ಲಿ ತಿಳಿಯಾಗಿ ಪಟ್ಟಣಕ್ಕೆ ಬರಬೇಕು. ನೀರೆತ್ತುವ ಊರು ಒಂದು, ಸೋಸುವ ಊರು ಇನ್ನೊಂದು, ಕುಡಿಯುವ ಊರು ಮತ್ತೊಂದು. ಕರೆಂಟು ಕೊಡುವುದು ಹೆಸ್ಕಾಂ. ದೊಡ್ಡ ಪೈಪು ಹಾಕುವುದು 1975ರಿಂದ ಕೆಲಸ ಮಾಡುತ್ತಿರುವ ರಾಜ್ಯದ ನಗರ ನೀರು ಸರಬರಾಜು ಮಂಡಳಿ. ಗದಗಿನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯೂ ಬಂದು, ದಿನದ ಇಪ್ಪತ್ನಾಲ್ಕು ತಾಸು ನೀರಿನ ಆಸೆ ಹುಟ್ಟಿಸಿತು.

ಆಸೆಯ ಆಚೆ ತುದಿಯಲ್ಲಿ ಒಂದು ಓಣಿ. ನೀರು ಬರುವುದು ಎಂಟು ದಿನಕ್ಕೋ, ಹತ್ತು ದಿನಕ್ಕೋ, ಕೆಲವೊಮ್ಮೆ ಅದಕ್ಕೂ ಮೇಲೆ. ಪಾಳಿ ಇಂದಿದೆಯೆಂಬ ಸುದ್ದಿ ನೀರಿಗಿಂತ ಮೊದಲು ಹರಿಯುತ್ತದೆ. ಸೈಕಲ್ಲಿನಲ್ಲಿ ಬಂದ ವಾಲ್‌ಮನ್ ರಸ್ತೆಯ ಗುಂಡಿಯ ಮುಚ್ಚಳ ಸರಿಸಿ, ಎದೆಯೆತ್ತರದ ಕಬ್ಬಿಣದ ಚಾವಿ ಇಳಿಬಿಟ್ಟು, ಎರಡೂ ಕೈ ಹಚ್ಚಿ ತಿರುವುತ್ತಾನೆ. ಮೊದಲು ಗಾಳಿ ಬುಸುಗುಡುತ್ತದೆ. ಆಮೇಲೆ ಕೆಂಪು ನೀರು. ಆಮೇಲೆ ತಿಳಿ. “ನಳಾ ಬಂದಾವ್ರೀ” ಎಂದು ಒಬ್ಬಾಕೆ ಕೂಗಿದರೆ ಓಣಿಯ ಕೊಡ, ಬಿಂದಿಗೆ, ಪ್ಲಾಸ್ಟಿಕ್ ಡ್ರಮ್ಮುಗಳೆಲ್ಲ ಹೊರಗೆ. ಯಾರೋ ಕೇಳುತ್ತಾರೆ: “ಅಣ್ಣಾ, ಇನ್ನs ಎಷ್ಟೊತ್ತು ಬಿಡ್ತೀ?” ಅವನು: “ಅಕ್ಕಾರ, ನನ್ನ ಕೈಯಾಗ ಏನೈತ್ರೀ, ಮ್ಯಾಲಿಂದ ಬಂದಷ್ಟು ಬಿಡೋದು.” ಆ ‘ಮ್ಯಾಲಿಂದ’ ಎಂಬ ಒಂದು ಮಾತಿನಲ್ಲಿ ಟಾಕಿ, ಡಂಬಳ, ಹಮ್ಮಿಗಿ, ಹೆಸ್ಕಾಂ, ಮಂಡಳಿ ಎಲ್ಲ ಅಡಗಿವೆ. ಎಲ್ಲಿ ಯಾವುದು ಕೈಕೊಟ್ಟರೂ ಬೈಗಳು ಬೀಳುವುದು ಚಾವಿ ಹಿಡಿದವನಿಗೆ.

ಹಮ್ಮಿಗಿಗೆ ಮರಳೋಣ. ಕೆಂಚನಗೌಡನ ಊರಿನಲ್ಲಿ ಈಗ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ನಿಂತಿದೆ. ಹೊಲಕ್ಕೂ ಹೊಟ್ಟೆಗೂ ಅದೇ ನೀರು. ನೀರು ನಿಲ್ಲಿಸಬೇಕಾದರೆ ಯಾರದೋ ನೆಲ ಮುಳುಗಬೇಕು. ಹಿನ್ನೀರಿಗೆ ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳದಂಥ ಊರುಗಳು ಜಾಗ ಬಿಡಬೇಕಾಯಿತು. ಹೊಸ ಊರಿನ ನಿವೇಶನ, ಪರಿಹಾರದ ತಕರಾರುಗಳು ವರ್ಷಗಟ್ಟಲೆ ನಡೆದವು. ಗದಗಿನ ನಳದಲ್ಲಿ ಬರುವ ಒಂದು ಕೊಡ ನೀರಿನ ಲೆಕ್ಕದಲ್ಲಿ ಈ ಊರುಗಳ ಮನೆಗಳೂ ಸೇರಬೇಕು. ನೀರಿನ ಬಿಲ್ಲಿನಲ್ಲಿ ಅದು ಕಾಣುವುದಿಲ್ಲ.

ಅಡ್ಡ ಮತ್ತು ಉದ್ದ

ಬೇಸಿಗೆಯಲ್ಲಿ ಹೊಳೆಯೇ ಒಣಗಿದರೆ ಈ ಕೂಡಾಟ ಇನ್ನೂ ದೊಡ್ಡದಾಗುತ್ತದೆ. ಹಮ್ಮಿಗಿಯಲ್ಲಿ ನೀರು ತಳ ಕಂಡಾಗ ಗದಗಿನ ಆಡಳಿತ ಕೈಯೊಡ್ಡುವುದು ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ. ಕುಡಿಯುವ ನೀರಿಗೆಂದು ಅಲ್ಲಿಂದ ಬಿಟ್ಟ ನೀರು ಶಿವಮೊಗ್ಗ, ದಾವಣಗೆರೆ, ಹಾವೇರಿ ಸೀಮೆಗಳನ್ನು ಹಾಯ್ದು ಇಲ್ಲಿಗೆ ತಲುಪಬೇಕು. ಬಿಟ್ಟದ್ದೆಲ್ಲ ತಲುಪುವುದಿಲ್ಲ. ಬಿಸಿಲಿಗೊಂದು ಪಾಲು, ಮರಳಿಗೊಂದು ಪಾಲು, ದಂಡೆಯ ಪಂಪ್‌ಸೆಟ್ಟಿಗೊಂದು ಪಾಲು. ಅದಕ್ಕೇ ನೀರು ಹಾಯುವ ದಿನಗಳಲ್ಲಿ ಹೊಳೆದಂಡೆಯ ಪಂಪ್‌ಸೆಟ್ಟುಗಳ ಕರೆಂಟು ತೆಗೆಸುತ್ತಾರೆ. ಒಂದು ಜಿಲ್ಲೆಯ ತೋಟ ಒಣಗಿದರೆ ಇನ್ನೊಂದು ಜಿಲ್ಲೆಯ ಕೊಡ ತುಂಬುತ್ತದೆ. ತೋಟದವನು ಇದಕ್ಕೆ ಒಪ್ಪಿದನೇ? ಅವನನ್ನು ಯಾರೂ ಕೇಳಲಿಲ್ಲ. ಆದೇಶ ಬಂತು, ಲೈನ್ ಹೋಯಿತು.

ಇಲ್ಲಿಗೆ ಈ ಚರಿತ್ರೆಯ ಗಂಟು ಸಿಗುತ್ತದೆ. ನಮ್ಮಲ್ಲಿ ಸ್ಥಳೀಯ ಸರಕಾರಗಳು ಕೂಡಿ ಕೆಲಸ ಮಾಡುವುದು ಉಂಟು. ಆದರೆ ಅವು ಒಂದಕ್ಕೊಂದು ಕೈಕೊಟ್ಟು ಕೂಡುವುದು ಅಪರೂಪ. ಮೇಲಿನವರು ಹಿಡಿದು ಕೂಡಿಸಿದಾಗ ಕೂಡುತ್ತವೆ. ದಾರ ಉದ್ದಕ್ಕೆ ಹಾಸಿದೆ, ಅಡ್ಡಕ್ಕೆ ಹೊಕ್ಕಿಲ್ಲ. ಹಾಸು ಹೊಕ್ಕು ಎರಡೂ ಇಲ್ಲದೆ ಬಟ್ಟೆಯಾಗದು ಎಂಬುದನ್ನು ಬೆಟಗೇರಿಯವರಿಗೆ ಹೇಳಿಕೊಡಬೇಕಿಲ್ಲ.

ಕಾಯ್ದೆಯಲ್ಲಿ ದಾರಿ ಇಲ್ಲವೆಂದಲ್ಲ. ಪಕ್ಕಪಕ್ಕದ ಸ್ಥಳೀಯ ಸಂಸ್ಥೆಗಳು ಸಮಾನ ಕೆಲಸಕ್ಕೆ ಜಂಟಿ ಸಮಿತಿ ಮಾಡಿಕೊಳ್ಳಲು ಪುರಸಭೆಗಳ ಕಾಯ್ದೆಯಲ್ಲಿ ಅವಕಾಶವಿದೆ. ಅದಕ್ಕಿಂತ ದೊಡ್ಡದು ಸಂವಿಧಾನದ 74ನೇ ತಿದ್ದುಪಡಿ ತಂದ 243ಜೆಡ್‌ಡಿ ವಿಧಿ. ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆಗಳ ಚುನಾಯಿತರಿಂದ, ಹಳ್ಳಿ ಪಟ್ಟಣಗಳ ಜನಸಂಖ್ಯೆಗೆ ತಕ್ಕಂತೆ ಬರಬೇಕು. ಪಂಚಾಯಿತಿಗಳೂ ಪುರಸಭೆಗಳೂ ನೀರನ್ನು ಹೇಗೆ ಹಂಚಿಕೊಳ್ಳಬೇಕೆಂಬುದನ್ನು ಆ ಸಮಿತಿ ಗಮನಿಸಬೇಕು ಎನ್ನುತ್ತದೆ ಅದು. ನೀರು ಹಂಚಿಕೆ ಎಂಬ ಮಾತು ಸಂವಿಧಾನದಲ್ಲೇ ಇದೆ. ಹಮ್ಮಿಗಿಯ ಗ್ರಾಮ ಪಂಚಾಯಿತಿಗೂ ಗದಗಿನ ನಗರಸಭೆಗೂ ಒಂದೇ ಮೇಜಿನ ಎದುರುಬದುರು ಮಾತಾಡಲು ಇದಕ್ಕಿಂತ ಗಟ್ಟಿ ಆಧಾರ ಬೇಕೇ?

ತಿಳಿವಳಿಕೆಗೂ ಇಲ್ಲಿ ಬರವಿಲ್ಲ. ಪಂಚಾಯತ್ ರಾಜ್ ಸಚಿವರಾಗಿದ್ದ ಗದಗಿನ ಎಚ್.ಕೆ. ಪಾಟೀಲರ ಕಾಲದಲ್ಲಿ, 2015ರಲ್ಲಿ, ಪಂಚಾಯತ್ ಕಾಯ್ದೆ ಗ್ರಾಮ ಸ್ವರಾಜ್ ಎಂಬ ಹೆಸರನ್ನೂ ಹೊತ್ತು ದೊಡ್ಡ ತಿದ್ದುಪಡಿ ಕಂಡಿತು. 2016ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಒಂದು ವಿಶ್ವವಿದ್ಯಾಲಯ ಗದಗಿನ ಪಕ್ಕದ ನಾಗಾವಿಯಲ್ಲಿ, ಕಪ್ಪತಗುಡ್ಡದ ಕಡೆ ಮುಖಮಾಡಿ ಎದ್ದಿತು. ಅದರ ಅಂಗಳದಲ್ಲಿ ಸಾಬರಮತಿ ಆಶ್ರಮದ ಪ್ರತಿರೂಪವೂ ಇದೆ. ಪಂಚಾಯಿತಿಯ ಪಾಠ ಹೇಳುವ ವಿಶ್ವವಿದ್ಯಾಲಯ, ದೇಶಕ್ಕೆ ಸಹಕಾರದ ದಾರಿ ತೋರಿಸಿದ ಕಣಗಿನಹಾಳ, ನೂರ ಅರವತ್ತಕ್ಕೂ ಹೆಚ್ಚು ವರ್ಷ ಕೂಡಿ ಬಾಳಿದ ಗದಗ-ಬೆಟಗೇರಿ. ಮೂರೂ ಒಂದೇ ತಾಲ್ಲೂಕಿನಲ್ಲಿ ಕೂತಿವೆ.

ಇಷ್ಟಿದ್ದೂ ಹಮ್ಮಿಗಿಯಿಂದ ಗದಗಿನವರೆಗೆ ಪೈಪಿನ ಗುಂಟ ನಡೆದು ಬಂದರೆ, ಯಾವ ಊರಿನ ಕಟ್ಟೆಯ ಮೇಲೂ ಒಂದು ಹಲಗೆ ಕಾಣುವುದಿಲ್ಲ: ಈ ಪೈಪಿನಲ್ಲಿ ದಿನಕ್ಕೆ ಇಷ್ಟು ನೀರು ಹೋಗುತ್ತದೆ, ಇದರಲ್ಲಿ ನಿಮ್ಮ ಪಾಲು ಇಷ್ಟು, ಒಡೆದರೆ ಇಷ್ಟು ದಿನದೊಳಗೆ ಇಂಥವರು ರಿಪೇರಿ ಮಾಡಬೇಕು, ನಿಮ್ಮ ಹೊಲದಲ್ಲಿ ಹಾಯ್ದದ್ದಕ್ಕೆ ನಗರಸಭೆ ನಿಮಗೆ ಕೊಡಬೇಕಾದ್ದು ಇಷ್ಟು, ನೀವು ಪೈಪಿಗೆ ಮಾಡಬೇಕಾದ ಕಾವಲು ಇಷ್ಟು. ಎರಡೂ ಕಡೆಯ ಬಾಬತ್ತು, ಎದುರಾಬದುರಾ, ಕನ್ನಡದಲ್ಲಿ.

ಹೇಗೆ ಬರೆಯುವುದೆಂದು ಯಾರಾದರೂ ಕೇಳಿದರೆ ಮಾದರಿಗೆ ದೂರ ಹೋಗಬೇಕಿಲ್ಲ. ಲಕ್ಷ್ಮೇಶ್ವರದ ಬಸ್ಸು ಹತ್ತಿದರೆ ಸಾಕು. ಎತ್ತಿನ ಗಾಡಿಯಲ್ಲಿ ಒಂದು ದಿನ ಹಿಡಿಯುತ್ತಿದ್ದ ಹಾದಿ ಈಗ ತಾಸಿನ ಮಾತು. ನಡುವೆ ಯಾವ ಸಂಸ್ಥಾನದ ಗಡಿಯೂ ಅಡ್ಡ ಬರುವುದಿಲ್ಲ.